ಒಲೆಗೆ ಬೆನ್ನು

ಹಿತ್ತಲ ಬಾಗಿಲ ಪಕ್ಕ ಗೋಡೆಗೆ ಒರಗಿಸಿ ಒಂದು ಹೊಸ ಮಡಕೆ ಇಟ್ಟಿದ್ದರು. ಅಗಲ ಬಾಯಿ, ಎರಡು ಕಿವಿ, ಬಣ್ಣವಿಲ್ಲ, ಚಿತ್ರವಿಲ್ಲ, ಅಗ್ಗದ ಮಾಲು. ಮುಖ ತೊಳೆಯಲು ನೀರು ಮೊಗೆಯುತ್ತಿದ್ದ ತೆಲೆಸಿಯಸ್ ಅದನ್ನು ನೋಡಿದ. ನೋಡಿದವನು ತಕ್ಷಣ ಕಣ್ಣನ್ನು ಅಂಜೂರದ ಮರದ ಕಡೆ ತಿರುಗಿಸಿದ, ಮರದಲ್ಲಿ ಏನೋ ವಿಶೇಷವಿದೆ ಎಂಬಂತೆ. ಮನೆಯಲ್ಲಿ ಮಡಕೆಗೇನು ಬರ ಬಂದಿರಲಿಲ್ಲ. ಬೇಳೆ ಬೇಯಿಸಲು ಒಂದಿತ್ತು, ಎಣ್ಣೆಗೆ, ಉಪ್ಪುಮೀನಿಗೆ, ಎಲ್ಲಕ್ಕೂ ಇದ್ದವು. ಹೆರಿಗೆಯಾದ ಮನೆಗೆ ಐದನೆಯ ದಿನ ಬೆಳಿಗ್ಗೆ ಮುಚ್ಚಳವಿಲ್ಲದ ಹೊಸ ಮಡಕೆ ಬಂತೆಂದರೆ ಅದು ಯಾತಕ್ಕೆಂದು ಅಥೆನ್ಸಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಮಗುವನ್ನು ಉಳಿಸಿಕೊಳ್ಳುವುದಾದರೆ ಇವತ್ತು ಮಧ್ಯಾಹ್ನ ತಂದೆಯಾದವನು ಅದನ್ನು ನೆಲದಿಂದ ಎತ್ತಿಕೊಂಡು ನೆಂಟರ ಮುಂದೆ ಒಲೆಯ ಸುತ್ತ ಓಡಬೇಕು. ಎತ್ತದೆ ಬೆನ್ನು ತಿರುಗಿಸಿದನೆಂದರೆ ಮಗು ಮಡಕೆಯಲ್ಲಿ ಊರಾಚೆಯ ದಾರಿಗೆ. 'ಯಾಕಮ್ಮ ಇದು?' ಎಂದು ಕೇಳೋಣವೆನ್ನಿಸಿತು. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ತಾನೂ ಏನಾದರೂ ಹೇಳಬೇಕಾಗುತ್ತದೆ. ನೀರು ಮೂಗಿಗೆ ಹೋಗಿ ಕೆಮ್ಮಿದ.

ತಾಯಿ ಲಿಸಿಲ್ಲ ಅಂಗಳದಲ್ಲಿ ತನ್ನ ಕುರ್ಚಿಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಆ ಕುರ್ಚಿಗೆ ಕಂಚಿನ ಮೊಳೆ ಹೊಡೆದು ಕೊಟ್ಟವನು ಇವನೇ. ಮಂಡಿ ನೋವು ಶುರುವಾದ ಮೇಲೆ ಅವಳು ಅದರಿಂದ ಏಳುವುದು ಕಡಿಮೆ. ಮನೆ ನಡೆಯುವುದೆಲ್ಲ ಅಲ್ಲಿಂದಲೇ.

"ಕುಲುಮೆಗೆ ಹೊರಟ್ಯಾ? ಇವತ್ತೂನಾ?"

"ಒಂದು ಕೊಪ್ಪರಿಗೆ ಹಿಡಿ ಬೆಸೆಯೋದಿದೆ. ಸಿಕೋನ್ ಒಬ್ಬನೇ ಇದಾನೆ."

"ಬಿಸಿಲು ನೆತ್ತಿಗೆ ಬರೋದ್ರೊಳಗೆ ಬಂದ್ಬಿಡು. ಜನ ಬರ್ತಾರೆ. ನಿನ್ ಚಿಕ್ಕಪ್ಪನ ಮಗ ಎವ್ಥಿಯಸ್ ಆಕ್ಟೋಪಸ್ ತರ್ತೀನಿ ಅಂದಿದಾನೆ." ಅವಳು ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿದಳು. "ನಾನೇನೂ ಹೇಳಲ್ಲ ಮಗಾ, ಮನೆ ಯಜಮಾನ ನೀನು. ಗಂಡಾಗಿದ್ರೆ ನಾನೇ ಎತ್ಕೊಳೋ ಅಂತಿದ್ದೆ. ಕುಲುಮೆ ಮುಂದೆ ಕೂತು ಬಡಿಯೋಕೆ ಕಾಲು ಯಾತಕ್ಕೆ? ನಿಮ್ಮ ದೇವರೇ ಕುಂಟ. ಆದ್ರೆ ಇದು ಹೆಣ್ಣು. ಯಾವ ಮನೆ ಹೊಸ್ತಿಲು ದಾಟುತ್ತೆ ಹೇಳು?"

"ಗೊತ್ತು ಬಿಡಮ್ಮ."

"ಗೊತ್ತಿದ್ರೆ ಸರಿ. ನಿಮ್ಮಪ್ಪನಿಗೆ ಇಷ್ಟು ಹೊತ್ತು ಹಿಡೀಲಿಲ್ಲ."

ಒಳಗಿನ ಕೋಣೆಯ ಪರದೆಯ ಹತ್ತಿರ ಅವನು ನಿಂತ. ಬಾಣಂತಿಯ ಮೈಲಿಗೆ ಕಳೆಯುವವರೆಗೆ ಫಾನೊ ಹೊರಗೆ ಬರುವಂತಿಲ್ಲ, ಅವನು ಒಳಗೆ ಹೋಗುವಂತಿಲ್ಲ. ಪರದೆಯ ಆಚೆಗೆ ಮಗು ಹಾಲು ಕುಡಿಯುವ ಸದ್ದು, ನಡುನಡುವೆ ಉಸಿರು ಕಟ್ಟಿ ಬಿಡುವ ಸದ್ದು. ತಾನು ಅಲ್ಲಿ ನಿಂತಿರುವುದು ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾಯಿತು. ಮದುವೆಯಾಗಿ ಈ ಮನೆಗೆ ಬಂದ ದಿನ ಇದೇ ಒಲೆಯ ಮುಂದೆ ಅವಳನ್ನು ಕೂರಿಸಿ ತಲೆಯ ಮೇಲೆ ಅಂಜೂರ, ಖರ್ಜೂರ, ಬಾದಾಮಿ ಸುರಿದಿದ್ದರು. ಒಂದು ಬಾದಾಮಿ ಕಣ್ಣಿಗೆ ಬಡಿದು ಅವಳು 'ಅಯ್ಯೋ' ಅಂದಿದ್ದಳು, ಜನ ನಕ್ಕಿದ್ದರು, ಅವನೂ ನಕ್ಕಿದ್ದ. ಆಮೇಲೆ ಎಷ್ಟೋ ದಿನ ಅವಳ ಆ ಕಣ್ಣು ಕೆಂಪಗಿತ್ತು. ಆವತ್ತು ನಗಬಾರದಿತ್ತು.

"ಹೊರಟ್ರಾ?" ಅಂದಳು ಫಾನೊ.

"ಹೂಂ."

"ನಂಗಿಲ್ಲಿಂದ ಏನೂ ಕಾಣಲ್ಲ. ನಿಮ್ಮ ಹೆಜ್ಜೆ ಸಪ್ಪಳ ಕೇಳಿಸ್ಕೋತೀನಿ. ಬರಿಗಾಲಲ್ಲಿ ಓಡ್ಬೇಡಿ ಆಯ್ತಾ? ಚಪ್ಪಲಿ ಹಾಕ್ಕೊಂಡೇ ಓಡಿ. ಆಗ ಚೆನ್ನಾಗಿ ಕೇಳಿಸುತ್ತೆ."

"ಹೂಂ" ಅಂದ. ಬೀದಿಗೆ ಬಂದ ಮೇಲೆ ಆ ಎರಡನೆಯ ಹೂಂ ಅವನನ್ನು ಹಿಡಿದುಕೊಂಡಿತು. ಅದು ಮಾತು ಕೊಟ್ಟ ಹಾಗಾಯಿತೇ? ಬೆಳ್ಳುಳ್ಳಿ ಬಿಡಿಸುವವಳಿಗೆ 'ಗೊತ್ತು ಬಿಡಮ್ಮ' ಅಂದದ್ದೂ ಮಾತು ಕೊಟ್ಟ ಹಾಗೇ ಅಲ್ಲವೇ? ಒಂದೇ ಬೆಳಿಗ್ಗೆ ಎರಡು ಹೆಂಗಸರಿಗೆ ಎರಡು ಮಾತು ಕೊಟ್ಟು, ಎರಡನ್ನೂ ಕೊಟ್ಟಿಲ್ಲವೆಂಬಂತೆ ಹೊರಗೆ ಬಂದಿದ್ದ. ಬಾಗಿಲ ಮೇಲೆ ಹೆಣ್ಣು ಹುಟ್ಟಿದೆ ಎಂದು ಕಟ್ಟಿದ್ದ ಉಣ್ಣೆಯ ಎಳೆ ಗಾಳಿಗೆ ಒಂದು ಕಡೆ ಸರಿದಿತ್ತು. ಬಾಗಿಲ ಪಕ್ಕದ ಹರ್ಮೆಸ್ ಕಲ್ಲಿನ ತಲೆಯನ್ನು ದಿನದ ಅಭ್ಯಾಸದಂತೆ ಮುಟ್ಟಿದ. ದಾರಿಹೋಕರ ದೇವರು, ವ್ಯಾಪಾರಿಗಳ ದೇವರು, ಕಳ್ಳರ ದೇವರು, ಸತ್ತವರನ್ನು ಕೆಳಗೆ ಕರೆದೊಯ್ಯುವವನೂ ಇವನೇ. ಇಷ್ಟೊಂದು ಕೆಲಸ ಮೈಮೇಲೆ ಹಾಕಿಕೊಂಡವನಿಗೆ ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಎಂದು ಹೇಗೆ ಗೊತ್ತಾಗುತ್ತದೋ!

ನಿಮ್ಮಪ್ಪನಿಗೆ ಇಷ್ಟು ಹೊತ್ತು ಹಿಡೀಲಿಲ್ಲ. ಕುಂಬಾರರ ಕೇರಿಯ ತಿರುವಿಗೆ ಬಂದಾಗ ಆ ಮಾತು ಅವನಿಗೆ ನಿಜವಾಗಿ ಕೇಳಿಸಿತು. ಹಿಡೀತಿರಲಿಲ್ಲ ಅಂದಿರಲಿಲ್ಲ ಅವಳು. ಹಿಡೀಲಿಲ್ಲ ಅಂದಿದ್ದಳು. ಯಾವಾಗ? ಯಾರನ್ನು? ತನಗಿಂತ ಮುಂಚೆಯೋ, ಆಮೇಲೆಯೋ? ಮನೆಯಲ್ಲಿ ಯಾರೂ ಯಾವತ್ತೂ ಈ ಮಾತು ಎತ್ತಿದ್ದಿಲ್ಲ. ಹಿಂದಕ್ಕೆ ಹೋಗಿ ಕೇಳಿದರೆ ಅವಳು ಬೆಳ್ಳುಳ್ಳಿ ಬಿಡಿಸುತ್ತಲೇ ಹೇಳಿಬಿಟ್ಟಾಳು, ಅದೇ ಅವನಿಗೆ ಹೆದರಿಕೆ. ಅವನು ಬೇಗಬೇಗ ನಡೆದ. ಮೈಗಂಟಿದ ಕುಲುಮೆ ಕೆಲಸದ ತೊಗಲಿನ ಮುಂಗವಚ ಸೊಂಟದ ಎಡಕ್ಕೆ ಒತ್ತುತ್ತಿತ್ತು. ಒತ್ತುತ್ತಿದ್ದದ್ದು ಅದರ ಗಂಟು.

ಆ ಗಂಟಿನ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಫಾನೊಗೆ ನೋವು ಶುರುವಾದಾಗ ಸೂಲಗಿತ್ತಿ ಮಾನಿಯ ಹೊರಗೆ ಬಂದು, "ಮನೇಲಿರೋ ಗಂಟೆಲ್ಲ ಬಿಚ್ಚಿಬಿಡಪ್ಪಾ, ಒಂದೂ ಬಿಡಬೇಡ" ಎಂದಿದ್ದಳು. ಮನೆಯಲ್ಲಿ ಒಂದು ಗಂಟಿದ್ದರೂ ಹೆರಿಗೆಯ ದೇವಿ ಎಲೈಥಿಯ ಕೈ ಕಟ್ಟಿಕೊಂಡು ಕೂರುತ್ತಾಳೆ. ಹಿಂದೊಮ್ಮೆ ದೇವರಾಜ ಝ್ಯೂಸ್‌ನ ಹೆಂಡತಿ ಹೇರಾ ತನ್ನ ಸವತಿಯ ಹೆರಿಗೆ ತಡೆಯಲು ಈ ದೇವಿಯನ್ನು ಹಾಗೆ ಕೂರಿಸಿದ್ದಳಂತೆ, ಕಾಲ ಮೇಲೆ ಕಾಲು, ಬೆರಳೊಳಗೆ ಬೆರಳು. ತೆಲೆಸಿಯಸ್ ಹುಚ್ಚನ ಹಾಗೆ ಮನೆಯೆಲ್ಲ ಓಡಾಡಿದ್ದ. ಜವೆಗೋಧಿಯ ಚೀಲ ಬಿಚ್ಚಿದ, ಪರದೆಯ ಹುರಿ ಬಿಚ್ಚಿದ, ಮೇಕೆಯ ಹಗ್ಗ ಬಿಚ್ಚಿದ, ಅದು ತಪ್ಪಿಸಿಕೊಂಡು ಹೋಗಿ ಪಕ್ಕದ ಮನೆಯವರ ಬಾಯಲ್ಲಿ ಬೈಸಿಕೊಂಡದ್ದೂ ಆಯಿತು. ತಾಯಿಯ ಜಡೆಯನ್ನೂ ಬಿಚ್ಚಿಸಿದ. ಎರಡು ದಿನ ಫಾನೊ ಕೂಗಿದಳು. ಮಗು ಬಂದ ಮೇಲೆ ಮೈ ತೊಳೆಯಲು ಹೋದವನಿಗೆ ಮೇಲುಹೊದಿಕೆಯ ಒಳಗೆ ಕೈಗೆ ಸಿಕ್ಕಿದ್ದು ತನ್ನದೇ ಮುಂಗವಚದ ಗಂಟು. ಕುಲುಮೆಯಿಂದ ಓಡಿ ಬಂದವನು ಹಾಗೇ ಉಳಿದುಬಿಟ್ಟಿದ್ದ. ಬೆವರು ಕುಡಿದು ಮಸಿ ತಿಂದು ಕಲ್ಲಾಗಿತ್ತು ಅದು, ಬಿಚ್ಚಲು ಬರಲಿಲ್ಲ. ಅಷ್ಟರಲ್ಲಿ ಸೂಲಗಿತ್ತಿ ಮಗುವನ್ನು ತಂದು ತೋರಿಸಿದಳು. ಮುಖ ಚೆನ್ನಾಗಿತ್ತು, ಕೂದಲು ದಟ್ಟವಾಗಿತ್ತು. ಬಟ್ಟೆ ಸರಿಸಿದಳು. ಎಡಗಾಲಿನ ಪಾದ ಒಳಕ್ಕೆ ತಿರುಚಿಕೊಂಡಿತ್ತು, ಯಾರೋ ಹಗ್ಗ ಹಾಕಿ ಬಿಗಿದಂತೆ. ಆಗಿನಿಂದ ಅವನು ಆ ಮುಂಗವಚವನ್ನು ತಲೆಯ ಮೇಲಿಂದ ಹಾಕಿ ತಲೆಯ ಮೇಲಿಂದ ತೆಗೆಯುತ್ತಿದ್ದ. ಗಂಟನ್ನು ಕತ್ತರಿಸಲು ಕೈ ಬರಲಿಲ್ಲ. ಕತ್ತರಿಸಿದರೆ ಒಪ್ಪಿಕೊಂಡ ಹಾಗಾಗುತ್ತಿತ್ತು.

ಸಿಕೋನ್ ಆಗಲೇ ಕೆಂಡ ಮಾಡಿ ತಿದಿ ಒತ್ತುತ್ತಿದ್ದ. ಅಪ್ಪನ ಕಾಲದಲ್ಲಿ ಕೊಂಡು ತಂದ ಆಳು, ತೆಲೆಸಿಯಸ್‌ಗಿಂತ ಹಿರಿಯ. ಮೆಗಾರದ ದಾರಿಯಲ್ಲಿ ಯಾರೋ ಎಸೆದು ಹೋಗಿದ್ದ ಮಗು. ಯಾರೋ ಎತ್ತಿ ಸಾಕಿ, ಬೆಳೆದ ಮೇಲೆ ಮಾರಿದ್ದರು. ಎಸೆದ ಮಗುವನ್ನು ಯಾರು ಎತ್ತುತ್ತಾರೋ ಅದು ಅವರ ಆಳು. ಇದನ್ನೆಲ್ಲ ಅವನು ನಗುತ್ತಲೇ ಹೇಳುವವನು: "ನಮ್ಮಪ್ಪ ನನ್ ಮುಖ ಸರಿಯಾಗಿ ನೋಡ್ಲಿಲ್ಲ, ನಾನು ಅವನ ಬೆನ್ನು ಬಿಟ್ರೆ ಬೇರೇನೂ ನೋಡ್ಲಿಲ್ಲ. ಲೆಕ್ಕ ಚುಕ್ತಾ." ಇವತ್ತು ಅವನು ಆ ತಮಾಷೆ ಮಾಡಲಿಲ್ಲ. "ಬನ್ನಿ ಯಜಮಾನ್ರೇ" ಅಂದು ಸುಮ್ಮನಾದ. ಆ ಮೌನ ತೆಲೆಸಿಯಸ್‌ನನ್ನು ಮಡಕೆಗಿಂತ ಹೆಚ್ಚು ಕೆರಳಿಸಿತು.

"ಏನು, ಬಾಯಿ ಬಿದ್ದುಹೋಯ್ತಾ?"

"ಏನ್ ಮಾತಾಡ್ಲಿ ಹೇಳಿ. ಕೊಪ್ಪರಿಗೆ ಬಗ್ಗೆ ಮಾತಾಡ್ಲಾ?"

"ಹೂಂ, ಮಾತಾಡು."

"ಹಿಡಿ ಸೊಟ್ಟಗಿದೆ. ಕಾಯಿಸಿ ತಿದ್ದಬಹುದು" ಎಂದ ಸಿಕೋನ್. ಅಂದವನೇ ನಾಲಿಗೆ ಕಚ್ಚಿಕೊಂಡ. ಇಬ್ಬರೂ ಕೆಂಡ ನೋಡುತ್ತ ನಿಂತರು.

ಕುಲುಮೆಯ ಮೇಲಿನ ಗೂಡಿನಲ್ಲಿ ಕಮ್ಮಾರರ ದೇವರು ಹೆಫೈಸ್ಟಸ್ ಇದ್ದ. ಅಂಗೈ ಎತ್ತರದ ಮಣ್ಣಿನ ಗೊಂಬೆ, ತಲೆಗೆ ಟೋಪಿ, ಕೈಯಲ್ಲಿ ಸುತ್ತಿಗೆ, ಒಂದು ಕಾಲು ಗಿಡ್ಡ. ಹೊಗೆ ಹಿಡಿದು ಮುಖವೇ ಅಳಿಸಿಹೋಗಿದೆ. ಅಪ್ಪ ತಿದಿ ಒತ್ತುತ್ತ ಇವನ ಕಥೆ ಹೇಳುತ್ತಿದ್ದ. ಹೇರಾ ಹೆತ್ತಳು, ಕಾಲು ನೋಡಿದಳು, ಅಸಹ್ಯಪಟ್ಟು ದೇವತೆಗಳ ಬೆಟ್ಟ ಒಲಿಂಪಸ್ಸಿನಿಂದ ಕೆಳಕ್ಕೆ ಬಿಸಾಡಿದಳು. ಬಿದ್ದದ್ದು ಸಮುದ್ರಕ್ಕೆ. ಸಮುದ್ರದ ಹೆಣ್ಣುಗಳು ಎತ್ತಿಕೊಂಡು ಗವಿಯಲ್ಲಿ ಸಾಕಿದರು. ದೊಡ್ಡವನಾದ ಮೇಲೆ ದೇವತೆಗಳ ಪಂಕ್ತಿಯಲ್ಲಿ ಕುಂಟುತ್ತ ಕುಂಟುತ್ತ ಬಟ್ಟಲಿಗೆ ಮದ್ಯ ಸುರಿದನಂತೆ, ಝ್ಯೂಸ್ ಮೊದಲಾಗಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅಪ್ಪ ಆ ನಡಿಗೆಯನ್ನು ಮಾಡಿ ತೋರಿಸುತ್ತಿದ್ದ: ಒಂದು ಹೆಜ್ಜೆ, ಒಂದು ಎಳೆತ, ಕೈಯಲ್ಲಿ ಇಕ್ಕಳವೇ ಹೂಜಿ. ಪುಟ್ಟ ತೆಲೆಸಿಯಸ್ ಇದ್ದಿಲ ರಾಶಿಯ ಮೇಲೆ ಬಿದ್ದು ಹೊರಳಾಡಿ ನಕ್ಕಿದ್ದ, ಇನ್ನೊಂದ್ಸಲ ಮಾಡಪ್ಪಾ ಅಂತ ಪೀಡಿಸಿದ್ದ. ಒಮ್ಮೆ ಹಾಗೆ ನಗುತ್ತಿರುವಾಗ ಅಪ್ಪ ನಡುವೆಯೇ ನಿಲ್ಲಿಸಿ, ಇಕ್ಕಳ ಕೆಳಗಿಟ್ಟು, ಹೊರಗೆ ಹೋಗಿ ಬೀದಿಯಲ್ಲಿ ಸುಮ್ಮನೆ ನಿಂತಿದ್ದ. ಯಾಕೆ ನಿಂತ? ಆಗ ತೆಲೆಸಿಯಸ್ ಅಪ್ಪ ಮೂತ್ರಕ್ಕೆ ಹೋದನೆಂದುಕೊಂಡಿದ್ದ. ಹೇರಾ ಬಿಸಾಡಿದ ಮೇಲೆ ಏನು ಮಾಡಿದಳೆಂದು ಆ ಕಥೆಯಲ್ಲಿ ಬರುವುದಿಲ್ಲ. ಊಟ ಮಾಡಿದಳೋ, ಮಲಗಿದಳೋ, ಎದೆಯ ಹಾಲನ್ನು ಎಲ್ಲಿ ಹಿಂಡಿದಳೋ. ದೇವರುಗಳ ಕಥೆಯಲ್ಲಿ ಬೀಳುವವರ ವಿಷಯ ಬರುತ್ತದೆ, ಬಿಟ್ಟ ಕೈಯ ವಿಷಯ ಬರುವುದಿಲ್ಲ.

ಹಿಡಿಯನ್ನು ಅವನು ಎರಡು ಸಲ ಕೆಡಿಸಿದ. ಮೂರನೆಯ ಸಲ ಸಿಕೋನ್ ಇಕ್ಕಳವನ್ನು ಕೈಯಿಂದ ತೆಗೆದುಕೊಂಡು, "ನೀವು ಹೊರಡಿ. ಹೊತ್ತಾಯ್ತು" ಅಂದ. ತೆಲೆಸಿಯಸ್ ಮುಂಗವಚ ತೆಗೆದು ಗೂಟಕ್ಕೆ ಹಾಕಿದ. ಹಾಕುವಾಗ ಅವನು ನಿರ್ಧಾರ ಮಾಡಿದ್ದ. ಎತ್ತಿಕೊಳ್ಳುತ್ತೇನೆ. ಹೌದು, ಏನಾದರಾಗಲಿ ಎತ್ತಿಕೊಳ್ಳುತ್ತೇನೆ. ಹೀಗೆಂದುಕೊಂಡ ಕೂಡಲೆ ಎದೆ ಹಗುರಾಗಿ, ಬೀದಿಯ ಬಿಸಿಲು, ಮೀನು ಮಾರುವವಳ ಕೂಗು ಎಲ್ಲ ಹಿತವೆನ್ನಿಸಿತು. ಚಪ್ಪಲಿಯನ್ನು ನೆಲಕ್ಕೆ ಬಡಿದು ನೋಡಿದ. ಸಪ್ಪಳ ಚೆನ್ನಾಗಿ ಬರುತ್ತಿತ್ತು.

ಮನೆ ತುಂಬಿತ್ತು. ಸೋದರತ್ತೆಯರು, ನೆರೆಯವರು, ಅಂಗಳದ ಕಲ್ಲಿಗೆ ಬಡಿದು ಮೆತ್ತಗೆ ಮಾಡುತ್ತಿದ್ದ ಆಕ್ಟೋಪಸ್. ಬಡಿಯುತ್ತಿದ್ದ ಎವ್ಥಿಯಸ್ ಇವನನ್ನು ಕಂಡು ಕೈ ಒರೆಸಿಕೊಂಡ.

"ಬಂದ್ಯಾ ಓಟಗಾರ! ಏನೋ, ಹೊಟ್ಟೆ ನೋಡಿದ್ರೆ ಒಲೆ ಸುತ್ತ ಓಡೋಕಲ್ಲ, ಉರುಳೋಕೆ ಲಾಯಕ್ಕು."

ಹೆಂಗಸರು ನಕ್ಕರು. ತೆಲೆಸಿಯಸ್ ಕೂಡ ಹಲ್ಲು ಬಿಟ್ಟ.

ಎವ್ಥಿಯಸ್ ದನಿ ತಗ್ಗಿಸಿ ಕಿವಿಯ ಹತ್ತಿರ ಬಂದ. ಬಾಯಿಂದ ಈರುಳ್ಳಿ ವಾಸನೆ. "ನೋಡು, ನಿನ್ ಸಂಕಟ ನಂಗರ್ಥ ಆಗುತ್ತೆ. ಯಾರೂ ಏನೂ ಅಂದ್ಕೊಳಲ್ಲ. ಆಕ್ಟೋಪಸ್ ಹೇಗೂ ತಿಂತೀವಿ. ಸುಮ್ನೆ ಕಣ್ಣೀರು ಗಿಣ್ಣೀರು ಅಂತ ಹೆಂಗಸರ ಮುಂದೆ ಶುರು ಹಚ್ಕೋಬೇಡ, ಅಷ್ಟೆ. ನಿನ್ ಮದುವೇಲಿ ಅತ್ತಿದ್ದು ಇನ್ನೂ ಜನ ಹೇಳ್ಕೊಂಡು ನಗ್ತಾರೆ."

ಮದುವೆಯಲ್ಲಿ ಅವನು ಅತ್ತಿದ್ದು ನಿಜ. ಅಪ್ಪ ಸತ್ತು ಆಗ ಹೆಚ್ಚು ಕಾಲವಾಗಿರಲಿಲ್ಲ. ಅದನ್ನು ಯಾರೂ ನೋಡಿಲ್ಲವೆಂದು ಇಷ್ಟು ವರ್ಷ ಅಂದುಕೊಂಡಿದ್ದ.

ನಡುಮನೆಯ ಒಲೆಯಲ್ಲಿ ಬೆಂಕಿ ಸಣ್ಣಗೆ ಉರಿಯುತ್ತಿತ್ತು. ಒಲೆಯ ದೇವಿ ಹೆಸ್ಟಿಯಳಿಗೆ ಮೂರ್ತಿಯಿಲ್ಲ, ಅವಳದೆಂದು ಹೇಳಿಕೊಳ್ಳುವಂಥ ಕಥೆಯೂ ಇಲ್ಲ. ಅವಳು ಎಲ್ಲೂ ಹೋಗುವುದಿಲ್ಲ, ಯಾರೊಂದಿಗೂ ಜಗಳವಾಡುವುದಿಲ್ಲ, ಮನೆಯ ನಡುವೆ ಕೂತು ನೋಡುತ್ತಿರುತ್ತಾಳೆ. ಅವಳ ವಿಷಯ ಗೊತ್ತಿರುವುದು ಒಂದೇ: ತಂದೆ ಕ್ರೋನೋಸ್ ತನ್ನ ಮಕ್ಕಳನ್ನೆಲ್ಲ ನುಂಗಿದಾಗ ಎಲ್ಲರಿಗಿಂತ ಮೊದಲು ನುಂಗಿದ್ದು ಅವಳನ್ನು. ಚೊಚ್ಚಲ ಮಗಳು. ಸೂಲಗಿತ್ತಿ ಒಳಗಿನಿಂದ ಮಗುವನ್ನು ತಂದು ಒಲೆಯ ಪಕ್ಕ ಬರಿನೆಲದ ಮೇಲೆ ಮಲಗಿಸಿದಳು. ಜನ ಗೋಡೆಗೆ ಸರಿದು ಜಾಗ ಬಿಟ್ಟರು. ತಾಯಿ ಲಿಸಿಲ್ಲಳನ್ನು ಕುರ್ಚಿಯ ಸಮೇತ ಎತ್ತಿ ತಂದು ಕೂರಿಸಿದ್ದರು. ಅವಳು ಮಗುವನ್ನು ನೋಡುತ್ತಿರಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಪರದೆಯ ಆಚೆ ಒಂದು ಉಸಿರೂ ಕೇಳಿಸುತ್ತಿರಲಿಲ್ಲ. ಫಾನೊ ಕಿವಿಯಾಗಿ ಕೂತಿದ್ದಾಳೆ ಎಂದು ಅವನಿಗೆ ತಿಳಿಯಿತು.

ಅವನು ಮುಂದೆ ಬಂದ. ಬಗ್ಗಿದರೆ ಸಾಕು. ದಿನಕ್ಕೆ ಎಷ್ಟು ಸಲ ಬಗ್ಗಿ ಇದಕ್ಕಿಂತ ಹತ್ತು ಪಟ್ಟು ಭಾರದ ಕಂಚು ಎತ್ತುತ್ತಾನೆ. ತಣ್ಣನೆಯ ನೆಲ ತಾಗಿ ಮಗು ಕಾಲು ಒದೆಯಿತು, ಬಟ್ಟೆ ಜಾರಿತು, ಎಡಗಾಲು ಹೊರಗೆ ಬಂತು. ಬಲಗಾಲು ಒದೆಯುತ್ತಿತ್ತು, ಎಡಗಾಲೂ ಒದೆಯಲು ನೋಡುತ್ತಿತ್ತು, ತನಗೇನಾಗಿದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ಯಾರೋ ಹೆಂಗಸು 'ಪಾಪ' ಅಂದಳು. ಆ ಪಾಪ ಎಂಬ ಮಾತಿಗೆ ತೆಲೆಸಿಯಸ್‌ನ ಕಣ್ಣು ತುಂಬಿಬಿಟ್ಟಿತು. ಎದುರಿಗೆ ಎವ್ಥಿಯಸ್ ನಿಂತಿದ್ದ. ಎವ್ಥಿಯಸ್‌ನ ಹುಬ್ಬು ಮೇಲೇರಿತು, ತುಟಿಯ ಒಂದು ಮೂಲೆಯೂ. ಇದೊಂದನ್ನು ಅವನು ನೋಡಬಾರದು ಎಂದಷ್ಟೇ ತೆಲೆಸಿಯಸ್‌ಗೆ ಅನ್ನಿಸಿದ್ದು, ಬೇರೇನೂ ಅಲ್ಲ. ಕಣ್ಣೊರೆಸಿಕೊಳ್ಳಲು ಅವನು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಅತ್ತೆಯರು. ಇನ್ನೂ ತಿರುಗಿದ. ಗೋಡೆ ಸಿಕ್ಕಿತು. ಮುಂಗೈಯಿಂದ ಕಣ್ಣು ಒರೆಸಿಕೊಂಡ, ಮೂಗು ಸೀಟಿಕೊಂಡ.

ಹಿಂದೆ ಮನೆ ಸ್ತಬ್ಧವಾಗಿತ್ತು. ಆಗ ಗೊತ್ತಾಯಿತು, ತಾನು ಒಲೆಗೂ ಮಗುವಿಗೂ ಬೆನ್ನು ಹಾಕಿ ನಿಂತಿದ್ದೇನೆ ಎಂದು.

ಮಾನಿಯಳ ಮೊಣಕಾಲು ಲಟ್ಟೆಂದಿತು, ಅವಳು ಬಗ್ಗಿರಬೇಕು. ಬಟ್ಟೆ ಸುತ್ತುವ ಸದ್ದು. 'ಅಲ್ಲ, ನಿಲ್ಲು, ಹೊಗೆ ಕಣ್ಣಿಗೆ ಹೋಯಿತು' ಅಂದರೆ ಸಾಕಿತ್ತು. ಮನೆ ಯಜಮಾನ ಅವನು. ಯಾವ ಶಾಸ್ತ್ರವೂ, ಯಾವ ನ್ಯಾಯಾಧಿಪತಿಯೂ ಅವನ ಬಾಯಿ ಹಿಡಿದಿರಲಿಲ್ಲ. ಹಿತ್ತಲ ಬಾಗಿಲ ಹತ್ತಿರ ಮಡಕೆ ಕಲ್ಲಿಗೆ ತಾಗಿ ಟಣ್ಣೆಂದಿತು. ಈಗಲೂ ಹೇಳಬಹುದಿತ್ತು. ಬಾಯಿ ತೆರೆಯಲು ಹೋದವನಿಗೆ ಒಳಗೆಲ್ಲೋ, ಹೊಟ್ಟೆಯ ಆಳದಲ್ಲಿ, ಒಂದು ಸಮಾಧಾನ ಏಳುತ್ತಿರುವುದು ಗೊತ್ತಾಯಿತು. ತಾನಾಗಿ ಆಗಿಹೋಯಿತು. ತಾನು ಮಾಡಲಿಲ್ಲ, ಆಯಿತು. ಆ ಸಮಾಧಾನವನ್ನು ಕಂಡು ಅವನಿಗೆ ತನ್ನ ಮೇಲೆ ಎಂಥ ಹೇಸಿಗೆಯಾಯಿತೆಂದರೆ ತೆರೆದ ಬಾಯಿ ಮುಚ್ಚಿಕೊಂಡಿತು. ಬಾಗಿಲು ಎಳೆದುಕೊಂಡ ಸದ್ದಾಯಿತು.

"ಬಾ, ಕೂತ್ಕೋ" ಎಂದ ಎವ್ಥಿಯಸ್, ಭುಜದ ಮೇಲೆ ಕೈಯಿಟ್ಟು. ಈ ಸಲ ತಮಾಷೆಯಿರಲಿಲ್ಲ. "ಗಂಡಸಿನ ಹಾಗೆ ನಡ್ಕೊಂಡೆ."

ಜನ ಮೆಲ್ಲಗೆ ಮಾತಾಡತೊಡಗಿದರು. ಆಕ್ಟೋಪಸ್ ಸೀಯುವ ವಾಸನೆ ಬಂತು. ಮೊದಲ ತುತ್ತನ್ನು ಎಂದಿನಂತೆ ಹೆಸ್ಟಿಯಳಿಗೆಂದು ಯಾರೋ ಬೆಂಕಿಗೆ ಹಾಕಿದರು, ಅದು ಚುರುಗುಟ್ಟಿತು. ತಟ್ಟೆ ಅವನ ಮುಂದೆ ಬಂತು. ಲಿಸಿಲ್ಲ ಅವನನ್ನು ಹತ್ತಿರ ಕರೆದು, ಯಾರಿಗೂ ಕೇಳದಂತೆ, "ತಿನ್ನಬೇಡ ಬಿಡು. ನಿಮ್ಮಪ್ಪನೂ ಆವತ್ತು ಉಣ್ಣಲಿಲ್ಲ" ಅಂದಳು.

"ಯಾರಮ್ಮ ಅದು?"

"ನಿನ್ ಅಕ್ಕ." ಅವಳು ಅಂಗೈಯನ್ನೇ ನೋಡುತ್ತಿದ್ದಳು. "ಅದಕ್ಕೆ ಕಾಲೆಲ್ಲ ಸರಿಯಾಗೇ ಇತ್ತು."

ಆಗ ಪರದೆಯ ಆಚೆಯಿಂದ ಫಾನೊ ಕರೆದಳು. ಕೂಗಲಿಲ್ಲ, ಅಳಲಿಲ್ಲ. "ಓಡಿದ್ರಾ?" ಎಂದು ಕೇಳಿದಳು. "ನಂಗೆ ಕೇಳಿಸ್ಲಿಲ್ಲ." ಜನರ ಮಾತು ನಿಂತಿತು. "ಇನ್ನೊಂದ್ಸಲ ಓಡಿ. ನಂಗೆ ಕೇಳಿಸ್ಲಿಲ್ಲ" ಎಂದಳು.

ತೆಲೆಸಿಯಸ್ ಹಿತ್ತಲ ಬಾಗಿಲಿಂದ ಹೊರಬಿದ್ದ. ಓಡಿದ. ಕುಂಬಾರರ ಕೇರಿಯಲ್ಲಿ ಓಡುವಾಗ ಯಾರೋ "ಏನಪ್ಪಾ, ಕುಲುಮೆಗೆ ಬೆಂಕಿ ಬಿತ್ತಾ?" ಎಂದು ಕೇಳಿ ನಕ್ಕರು. ಚಪ್ಪಲಿ ಬೀದಿಯ ಕಲ್ಲಿನ ಮೇಲೆ ಪಟಪಟ ಬಡಿಯುತ್ತಿತ್ತು, ಕೇಳಬೇಕಾದವಳಿಗೆ ಕೇಳದಷ್ಟು ದೂರದಲ್ಲಿ. ಹೆಬ್ಬಾಗಿಲು ದಾಟಿದ. ದಾರಿಯ ಎರಡೂ ಬದಿ ಸಮಾಧಿಗಳು. ಕಲ್ಲಿನಲ್ಲಿ ಕೆತ್ತಿದ ಹೆಂಗಸರು ಕಲ್ಲಿನ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಅಂಥ ಒಂದು ಕಲ್ಲಿನ ನೆರಳಲ್ಲಿ ಮಾನಿಯ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಮಡಕೆ. ಅದರೊಳಗೆ ಅಳು.

"ಹೊಗೆ ಕಣ್ಣಿಗೆ ಬಿತ್ತು" ಎಂದ ಅವನು, ಏದುಸಿರು ಬಿಡುತ್ತ.

ಮಾನಿಯ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಅಲ್ಲೇ ಅನ್ನಬಹುದಿತ್ತಲ್ಲಪ್ಪಾ."

"ಅನ್ನೋಕಾಗ್ಲಿಲ್ಲ."

"ಹಾಗಿದ್ರೆ ಈಗ ಬಾ. ಮನೆಗೆ ಹೋಗೋಣ. ಎಲ್ಲರ ಮುಂದೆ ಹೇಳು, ತಪ್ಪಾಯ್ತು, ಇವಳು ನನ್ ಮಗಳು ಅಂತ. ನಾನೂ ಹೇಳ್ತೀನಿ."

ಅವನು ಎವ್ಥಿಯಸ್‌ನ ತುಟಿಯ ಮೂಲೆಯನ್ನು ಕಂಡ, ಗಂಡಸಿನ ಹಾಗೆ ನಡ್ಕೊಂಡೆ ಎಂದ ದನಿಯನ್ನು ಕೇಳಿದ, ಕುರ್ಚಿಯಲ್ಲಿ ಅಂಗೈ ನೋಡುತ್ತಿದ್ದವಳನ್ನು ಕಂಡ. ಇವಳನ್ನು ಎತ್ತಿಕೊಂಡು ಆ ಮನೆಗೆ ಹೋದರೆ ತಾಯಿ ತಾನು ಕಳೆದುಕೊಂಡ ಮಗಳ ವಿಷಯ ಏನೆಂದುಕೊಳ್ಳಬೇಕು? ಎತ್ತಬಹುದಿತ್ತು, ಬರೀ ಒಂದು ಮಾತು ಸಾಕಿತ್ತು ಎಂದೇ? ಹೀಗೆ ತನ್ನ ಹೇಡಿತನಕ್ಕೆ ತಾಯಿಯ ದುಃಖವನ್ನು ಹೊದಿಸುತ್ತಿದ್ದೇನೆ ಎಂಬುದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಿಂತೇ ಇದ್ದ.

ಮಾನಿಯ ನಿಟ್ಟುಸಿರು ಬಿಟ್ಟು ಎದ್ದಳು. "ಸರಿ ಬಿಡು. ನನ್ ಕೆಲಸ ಇಟ್ಟು ತಿರುಗೋದು. ಇಟ್ಟೆ. ಇಗೋ, ತಿರುಗಿದೆ. ಯಾರು ಎತ್ಕೊಂಡ್ರೋ ನಾನು ನೋಡ್ಲಿಲ್ಲ. ಎತ್ಕೊಂಡೋರ ಆಳು ಅದು." ಊರಿನ ಕಡೆ ಮುಖ ಮಾಡಿ ನಡೆದುಹೋದಳು.

ಅವನು ಬಗ್ಗಿದ. ಎಷ್ಟು ಸುಲಭವಾಗಿ ಬಗ್ಗಿತು ಬೆನ್ನು. ಮಗು ಅಂಗೈಯಲ್ಲಿ ಬೆಚ್ಚಗಿತ್ತು, ಬಾಯಿ ತೆರೆದು ಅವನ ಎದೆಯ ಬಟ್ಟೆಯನ್ನು ಹುಡುಕಿತು. ಅವನು ಆಗ ಅತ್ತ, ಯಾರೂ ನೋಡದಿದ್ದರಿಂದ ಚೆನ್ನಾಗಿಯೇ ಅತ್ತ. ಕುಲುಮೆಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ: ಅಲ್ಲಿಯೂ ಬೆಂಕಿಯಿದೆ. ಬಿಸಾಡಿಸಿಕೊಂಡವನ ಬೆಂಕಿ. ಅದರ ಸುತ್ತ ಓಡುತ್ತೇನೆ, ಅವನ ಎದುರು ಓಡುತ್ತೇನೆ. ಒಳಗೆ ಕಾಲಿಟ್ಟು ನೋಡಿದರೆ ಕುಲುಮೆ ಗೋಡೆಗೆ ಸೇರಿಸಿ ಕಟ್ಟಿದ್ದು. ಹುಟ್ಟಿದಾಗಿನಿಂದ ನೋಡಿದ ಕುಲುಮೆ. ಅದರ ಸುತ್ತ ಬರಲು ದಾರಿಯೇ ಇರಲಿಲ್ಲ.

ಸಿಕೋನ್ ಸುತ್ತಿಗೆ ಕೆಳಗಿಟ್ಟ. "ಯಾರ ಮಗು ಯಜಮಾನ್ರೇ?"

ಕೇಳಿದವನಿಗೆ ಉತ್ತರ ಗೊತ್ತಿತ್ತು. ಇದೊಂದು ಅವಕಾಶ ಕೊಡುತ್ತಿದ್ದಾನೆ ಎಂಬುದು ತೆಲೆಸಿಯಸ್‌ಗೂ ಗೊತ್ತಿತ್ತು. ಮೇಲೆ ಗೂಡಿನಲ್ಲಿ ಮುಖ ಅಳಿಸಿದ ದೇವರು ನಿಂತಿದ್ದ.

"ದಾರಿಯಲ್ಲಿ ಸಿಕ್ತು" ಎಂದ.

"ಹೂಂ" ಎಂದ ಸಿಕೋನ್. "ದಾರಿಯಲ್ಲೇ ಸಿಗೋದು." ಆಮೇಲೆ ಕೈ ತೊಳೆದುಕೊಂಡು ಬಂದು ಮಗುವನ್ನು ಇಸಿದುಕೊಂಡ. "ಚಳಿ ಆಗಿದೆ ಇದಕ್ಕೆ. ಏನಾದ್ರೂ ಹೊದಿಸಿ." ತೆಲೆಸಿಯಸ್ ಗೂಟದಿಂದ ಮುಂಗವಚ ತೆಗೆದ, ಉಳಿಯಿಂದ ಆ ಗಂಟನ್ನು ಕತ್ತರಿಸಿದ, ತೊಗಲನ್ನು ಬಿಡಿಸಿ ಮಗುವಿಗೆ ಸುತ್ತಿದ. ಮಗು ಅಳು ನಿಲ್ಲಿಸಲಿಲ್ಲ. ಅದಕ್ಕೆ ಹಾಲು ಬೇಕಿತ್ತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ನೆಂಟರು ಹೋಗಿದ್ದರು. ತಾಯಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು, ಅಥವಾ ಕಣ್ಣು ಮುಚ್ಚಿದ್ದಳು. ಅವನು ಮೈಲಿಗೆಯನ್ನೂ ಲೆಕ್ಕಿಸದೆ ಪರದೆ ಸರಿಸಿ ಒಳಗೆ ಹೋದ. ಫಾನೊ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎದೆಗೆ ಬಿಗಿದಿದ್ದ ಬಟ್ಟೆ ಹಾಲಿನಿಂದ ನೆನೆದಿತ್ತು.

"ಸಿಕೋನ್‌ಗೆ ದಾರಿಯಲ್ಲಿ ಒಂದು ಮಗು ಸಿಕ್ಕಿದೆ" ಎಂದ. ಹೇಳುವಾಗಲೇ, ಇವಳ ಮುಂದೆಯೂ ತಾನು ಸಿಕೋನ್‌ನ ಹೆಸರಿನ ಹಿಂದೆ ಅಡಗಿದೆನಲ್ಲ ಎನ್ನಿಸಿತು. "ಹಾಲಿಲ್ಲದೆ ಅಳ್ತಿದೆ."

ಅವಳು ತಿರುಗಲಿಲ್ಲ.

"ಯಾವ ಕಾಲು?" ಎಂದಳು.

"ಎಡಗಾಲು."

ಫಾನೊ ಎದ್ದು ಕೂತಳು. ಎದೆಯ ಬಟ್ಟೆಯ ಗಂಟು ಬಿಚ್ಚತೊಡಗಿದಳು. ನೆನೆದ ಗಂಟು ಬರಲಿಲ್ಲ. ಅವನು ಕೈ ಚಾಚಿದ. ಅವಳು ಆ ಕೈಯನ್ನು ಸರಿಸಿ ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

"ಕರ್ಕೊಂಡು ಬನ್ನಿ. ಆಳಿನ ಮಗು ಅಂತ್ಲೇ ಬರ್ಲಿ. ಆಳಿನ ಮಗುಗೆ ಹಾಲು ಕೊಡಬಾರದು ಅಂತ ನಿಮ್ಮ ಎವ್ಥಿಯಸ್ ಕೂಡ ಅನ್ನಲ್ಲ."

ಅವನು ಪರದೆಯ ಹತ್ತಿರ ಹೋದಾಗ ಅವಳು ಮತ್ತೆ ಕರೆದಳು.

"ರೀ."

"ಏನು?"

"ಮಾತು ಬಂದ ಮೇಲೆ ಅವಳು ನಮ್ಮನ್ನ ಏನಂತ ಕರೀತಾಳೆ?"

ಅವನಿಗೆ ಗೊತ್ತಿತ್ತು. ಈ ಸಲ ಅವನು ನೇರವಾಗಿಯೇ ಉತ್ತರ ಕೊಟ್ಟ.

"ಯಜಮಾನ್ರೇ ಅಂತ" ಎಂದ.

ಅವಳು ತಲೆಯಾಡಿಸಿದಳು. ತೆಲೆಸಿಯಸ್ ಹೊರಗೆ ಬಂದು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಸಪ್ಪಳವಾಗದಂತೆ ಒಲೆಯನ್ನು ಹಾದು ಬೀದಿಗೆ ಇಳಿದ.